ಊಡ್ನಡಾಟಾ ಟ್ರ್ಯಾಕ್‌ಗೆ ಹೋಗುವ ಮೊದಲು ಯೂಟನ್ನು ತೂಕಕ್ಕೆ ಹಾಕಿ

ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಅನ್ನೋ ಮಣ್ಣಿನ ದಾರಿಯ ಕೌವರ್ಡ್ ಸ್ಪ್ರಿಂಗ್ಸ್ ಕ್ಯಾಂಪಿನಲ್ಲಿ ಸಂಜೆ ನೀರಿನ ಕ್ಯಾನ್ ಇಳಿಸುತ್ತಿದ್ದೆ. ಮಗಳು "ಅಪ್ಪಾ, ಇಲ್ಲಿ ನನ್ನ ಕೈ ಹೋಗುತ್ತೆ ನೋಡು" ಅಂದಳು. ಯೂಟ್, ಅಂದರೆ ನಮ್ಮೂರಿನ ಮಾತಲ್ಲಿ ಪಿಕಪ್. ಅದರ ಕ್ಯಾಬಿನ್‌ಗೂ ಹಿಂದೆ ಸಾಮಾನು ಹಾಕುವ ಟಬ್‌ಗೂ ನಡುವಿನ ಸಂದು ಅದು. ಮನೆಯಿಂದ ಹೊರಟಾಗ ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ ಇತ್ತು. ಈಗ ಮೇಲೆ ಅವಳ ಅಂಗೈ ಹೋಗುತ್ತಿತ್ತು. ಕೆಳಗೆ ಒಂದು ಡಾಲರ್ ನಾಣ್ಯವೂ ತೂರುತ್ತಿರಲಿಲ್ಲ. ಟಬ್‌ನ ತುದಿ ಕ್ಯಾಬಿನ್‌ಗೆ ಉಜ್ಜಿ ಬಣ್ಣ ಕಿತ್ತು ಬಂದಿತ್ತು. ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟು, ಚಾಸಿ, ಬಾಗಿತ್ತು.

ಅಡಿಲೇಡ್‌ನಿಂದ ನಾವು ಎರಡು ಕುಟುಂಬ, ಎರಡು ಗಾಡಿಯಲ್ಲಿ ಹೊರಟಿದ್ದೆವು. ಈ ಟ್ರ್ಯಾಕ್ ಅಂದರೆ ಮರೀ ಊರಿನಿಂದ ಮಾರ್ಲಾವರೆಗೆ ಸುಮಾರು 600 ಕಿ.ಮೀ. ಮಣ್ಣಿನ ದಾರಿ, ಹಳೆಯ ಘಾನ್ ರೈಲು ಹೋಗುತ್ತಿದ್ದ ಹಾದಿ. ನನ್ನದು ಡಬಲ್ ಕ್ಯಾಬ್ ಯೂಟ್, ಅಂದರೆ ಎರಡು ಸಾಲು ಸೀಟು ಇರುವಂಥದ್ದು. ಹಿಂದೆ ಚಿಕ್ಕ ಕ್ಯಾಂಪರ್ ಟ್ರೇಲರ್.

ಹೊರಡುವ ಮೊದಲು ಒಂದು ಆಕ್ಸೆಸರಿ ಅಂಗಡಿಯಲ್ಲಿ ಬೇಕಾದ್ದೆಲ್ಲ ಹಾಕಿಸಿದ್ದೆ. ಹಿಂಭಾಗ ತಗ್ಗಿತು. "ಏರ್‌ಬ್ಯಾಗ್ ಹಾಕಿಸಿ, ಸರಿಹೋಗುತ್ತೆ, ಆಮೇಲೆ ಎಷ್ಟು ಬೇಕಾದರೂ ತುಂಬಿ" ಅಂದರು. ಹಿಂದಿನ ಚಕ್ರಗಳ ಪಟ್ಟಿ ಸ್ಪ್ರಿಂಗ್‌ಗೂ (ಲೀಫ್ ಸ್ಪ್ರಿಂಗ್) ಚಾಸಿಗೂ ನಡುವೆ ಇಡುವ ಗಾಳಿಚೀಲ ಅದು. ಗಾಳಿ ತುಂಬಿದ ಕೂಡಲೇ ಗಾಡಿ ನೆಟ್ಟಗೆ ನಿಂತಿತು. ನೋಡೋಕೆ ನೆಟ್ಟಗಿದ್ದರೆ ಭಾರ ಸರಿಯಾಗಿದೆ ಅಂತಲೇ ನಂಬಿದೆ. ನನಗೆ ಮೋಸ ಆಗಿದ್ದು ಇಲ್ಲೇ.

ಮರುದಿನ ಅರ್ಧ ಸಾಮಾನು ಗೆಳೆಯನ ಗಾಡಿಗೆ ಹಾಕಿ, ಟ್ರೇಲರ್ ಅಲ್ಲೇ ಬಿಟ್ಟು, ಸುಮಾರು 130 ಕಿ.ಮೀ. ನಡಿಗೆಗಿಂತ ಚೂರು ಜಾಸ್ತಿ ವೇಗದಲ್ಲಿ ಮರೀಗೆ ವಾಪಸ್ ಬಂದೆವು. ಅಲ್ಲಿಂದ ಪೋರ್ಟ್ ಆಗಸ್ಟಾಗೆ ಟೋ ಟ್ರಕ್. 350 ಕಿ.ಮೀ.ಗೂ ಜಾಸ್ತಿ. ಅದರ ಬಿಲ್ಲಿನಲ್ಲಿ ನಾವು ನಾಲ್ಕೂ ಜನ ಬೆಂಗಳೂರಿಗೆ ಹೋಗಿ ಬರಬಹುದಿತ್ತು. ಕಾಯುವಾಗ ಉಳಿದುಕೊಂಡ ರೂಮಿಗೂ ಸಿಕ್ಕಾಪಟ್ಟೆ ಬಾಡಿಗೆ. ಹೀಟರ್ ಕೆಟ್ಟಿತ್ತು, ಇಲ್ಲಿ ಚಳಿಗಾಲವಾದ ಜುಲೈ ಚಳಿ.

ಪೋರ್ಟ್ ಆಗಸ್ಟಾದ ಮೆಕ್ಯಾನಿಕ್ ಗಾಡಿಯ ಕೆಳಗೆ ಟಾರ್ಚ್ ಹಿಡಿದು ತೋರಿಸಿದರು. ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳಲ್ಲಿ ಚಾಸಿಗೆ ಹಂಚುತ್ತದೆ. ಏರ್‌ಬ್ಯಾಗ್ ಆಕ್ಸಲ್ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಒತ್ತಿ ಮುರಿಯುತ್ತೇವಲ್ವಾ? ಚೀಲವೇ ಮೊಣಕಾಲು, ಚಾಸಿಯೇ ಜಲ್ಲೆ. ಹಿಂದಿನ ತುದಿಯನ್ನು ಟ್ರೇಲರ್ ಎಳೆಯುತ್ತಿರುತ್ತದೆ. ಅಲೆ ಅಲೆಯಾಗಿ ಉಬ್ಬುತಗ್ಗಿರುವ ಕಾರಗೇಶನ್ ರಸ್ತೆಯಲ್ಲಿ ಅದು ಸಾವಿರಾರು ಸಲ ಕುಣಿಯುತ್ತದೆ. ಅದರ ಮೇಲೆ ನಾನು ಒಂದು ಒಣಹಳ್ಳದ ಡಿಪ್‌ಗೆ 80ರಲ್ಲಿ ಇಳಿಸಿದ್ದೆ.

ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗದೆ ಮನೆಯಲ್ಲೇ ಲೆಕ್ಕ ಹಾಕಿದರೂ ನನಗೆ ಗೊತ್ತಾಗುತ್ತಿತ್ತು. ನನ್ನ ಗಾಡಿಗೆ ಹೇರಬಹುದಾದದ್ದು 950 ಕೆ.ಜಿ. ಬುಲ್‌ಬಾರ್ ಮತ್ತು ವಿಂಚ್ 100, ಟಬ್ ಮೇಲಿನ ಮುಚ್ಚು (ಕ್ಯಾನೊಪಿ) 100, ಸಾಮಾನು ತುಂಬಿದ ಡ್ರಾಯರ್ 110, ರೂಫ್ ಟೆಂಟ್ 70, ಫ್ರಿಜ್ 50, ನೀರು 60. ಹಿಂದಿನ ಸ್ಟೀಲ್ ಬಾರ್, ಅದಕ್ಕೆ ನೇತುಹಾಕಿದ ಸ್ಟೆಪ್ನಿ, ಎರಡು ಡೀಸೆಲ್ ಕ್ಯಾನ್ ಸೇರಿ 160. ನಾವು ನಾಲ್ವರು 260. ಟ್ರೇಲರ್ ತನ್ನನ್ನು ಸಿಕ್ಕಿಸುವ ಗುಂಡಿನ (ಟೋಬಾಲ್) ಮೇಲೆ ಒತ್ತುವುದು 150, ಅದೂ ಗಾಡಿಯ ಲೆಕ್ಕಕ್ಕೇ. ಒಟ್ಟು 1060.

110 ಕೆ.ಜಿ. ಜಾಸ್ತಿ ಅಷ್ಟೇ ತಾನೇ ಅನ್ನಿಸಬಹುದು. ಭಾರ ಎಲ್ಲಿ ಕೂತಿದೆ ಅನ್ನೋದು ಅದಕ್ಕಿಂತ ಮುಖ್ಯ. ಡಬಲ್ ಕ್ಯಾಬ್‌ನಲ್ಲಿ ಟಬ್‌ನ ಬಹುಭಾಗ ಆಕ್ಸಲ್‌ನ ಹಿಂದಕ್ಕೇ ಚಾಚಿರುತ್ತದೆ. ಎರಡು ಆಕ್ಸಲ್ ನಡುವೆ 3 ಮೀಟರ್, ಟೋಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಅಂದುಕೊಳ್ಳಿ. ಆಗ 150 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ 210 ಆಗಿ ಕೂರುತ್ತದೆ. ಮುಂದಿನ ಚಕ್ರದಿಂದ 60 ಕೆ.ಜಿ. ಎತ್ತುತ್ತದೆ.

ಹಾಗಾಗಿ ದಯವಿಟ್ಟು ಹೊರಡುವ ಹಿಂದಿನ ದಿನ, ಟ್ಯಾಂಕ್ ತುಂಬಿಸಿ, ಮಕ್ಕಳನ್ನೂ ಕೂರಿಸಿಕೊಂಡು, ಟ್ರೇಲರ್ ಸಿಕ್ಕಿಸಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಎರಡೂ ಆಕ್ಸಲ್ ಬೇರೆ ಬೇರೆ ತೂಗಿಸಿ. ಚೀಟಿ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರು ನನ್ನನ್ನು ಮೊದಲು ಕೇಳಿದ್ದು ಅದನ್ನೇ. ನನ್ನ ಹತ್ತಿರ ಇರಲಿಲ್ಲ, ಕ್ಲೇಮ್ ಸಿಗಲಿಲ್ಲ. ನೀರು, ಫ್ರಿಜ್ ಕ್ಯಾಬಿನ್‌ಗೆ ತಾಗಿಯೇ ಇರಲಿ. ಸ್ಟೆಪ್ನಿಯನ್ನು ಹಿಂಬಾಗಿಲಿನ ಆಚೆ ನೇತುಹಾಕಬೇಡಿ. ಜಾಸ್ತಿ ಭಾರಕ್ಕೆ ಸ್ಪ್ರಿಂಗ್ ಬದಲಿಸಿ ಜಿವಿಎಂ (ಗಾಡಿಯ ಒಟ್ಟು ತೂಕದ ಮಿತಿ) ಏರಿಸಿಕೊಂಡರೂ ಚಾಸಿಯ ಕಬ್ಬಿಣ ಅದೇ. ದಿನಾ ಸಂಜೆ ಆ ಸಂದಿಗೆ ಬೆರಳಿಟ್ಟು ನೋಡಿ.

ಇಷ್ಟರ ನಡುವೆ ಹೊಟ್ಟೆ ತಂಪಾಗಿದ್ದು ಮರೀ ದಾರಿಯ ಕಾಪ್ಲಿ ಊರಿನಲ್ಲಿ. ಹೋಗುವಾಗ ಅಲ್ಲಿನ ಬೇಕರಿಯಲ್ಲಿ ಕ್ವಾಂಡಾಂಗ್ ಪೈ ತಿಂದೆವು. ಕ್ವಾಂಡಾಂಗ್ ಅಲ್ಲಿನ ಕಾಡುಹಣ್ಣು, ಕೆಂಪಗೆ, ಗೋಲಿಗಿಂತ ದೊಡ್ಡದು. ಹುಳಿ ಮೊದಲು ನಾಲಿಗೆಗೆ ಚುರ್ ಅನ್ನುತ್ತದೆ, ಸಕ್ಕರೆ ಆಮೇಲೆ ಬರುತ್ತದೆ. ನನ್ನ ಹೆಂಡತಿ ಅಮಟೆಕಾಯಿ ಗೊಜ್ಜು ನೆನಪಿಸಿಕೊಂಡಳು. ಪೈಯ ಅಂಚು ಗರಿಗರಿ, ಒಳಗೆ ಬಿಸಿ ಬಿಸಿ, ಬೆರಳೆಲ್ಲ ಕೆಂಪು. ಆ ರೂಮಿನ ಒಂದು ರಾತ್ರಿಯ ದುಡ್ಡಲ್ಲಿ ಎರಡೂ ಕುಟುಂಬ ವಾರವಿಡೀ ತಿನ್ನಬಹುದಿತ್ತು. ಟೋ ಟ್ರಕ್‌ನವರನ್ನೂ ಬೇಡಿಕೊಂಡು ಅಲ್ಲಿ ನಿಲ್ಲಿಸಿ ಇನ್ನೆರಡು ಕಟ್ಟಿಸಿಕೊಂಡೆ.

ಚಾಸಿ ನೆಟ್ಟಗೆ ಮಾಡಿಸಿದ್ದಾಯಿತು. ಏರ್‌ಬ್ಯಾಗ್, ಹಿಂದಿನ ಬಾರ್, ರೂಫ್ ಟೆಂಟ್ ಮೂರನ್ನೂ ಬಿಚ್ಚಿಸಿದ್ದೇನೆ. ಬರುವ ಚಳಿಗಾಲಕ್ಕೆ ಟ್ರೇಲರ್ ಇಲ್ಲದೆ, ನೆಲದ ಟೆಂಟ್ ಹಿಡಿದು ಹೋಗುತ್ತೇವೆ. ಟ್ರ್ಯಾಕ್‌ನಲ್ಲಿ ಮುಂದೆ ಸಿಗುವ ವಿಲಿಯಂ ಕ್ರೀಕ್ ಇನ್ನೂ ನೋಡಬೇಕು.