ಚುಕ್ಕೆಯಿಂದ ಚುಕ್ಕೆಗೆ ಕಾಂತರೇಖೆ

ನಮ್ಮ ಪ್ರೌಢಶಾಲೆಯಲ್ಲಿ ಕಾಂತಕ್ಷೇತ್ರದ ಪ್ರಯೋಗ ಕಬ್ಬಿಣದ ಪುಡಿ ಉದುರಿಸಿ ಹಾಳೆ ತಟ್ಟುವುದಕ್ಕೇ ಮುಗಿಯುತ್ತಿರಲಿಲ್ಲ. ಪುಡಿ ಆಕಾರ ತೋರಿಸುತ್ತದೆ, ದಿಕ್ಕು ತೋರಿಸುವುದಿಲ್ಲ. ಕಣಗಳು ಒಂದಕ್ಕೊಂದು ಅಂಟಿ ಸರಪಳಿಯಾಗುವುದರಿಂದ, ಎರಡು ಗೆರೆಗಳ ನಡುವೆ ಕ್ಷೇತ್ರವೇ ಇಲ್ಲವೇನೋ ಎನಿಸುತ್ತದೆ. ಹಾಗಾಗಿ ಮೇಷ್ಟ್ರು ಕೊನೆಗೆ ಪುಟ್ಟ ದಿಕ್ಸೂಚಿಯನ್ನೇ ಕೈಗಿಡುತ್ತಿದ್ದರು. ಈಗ ಲ್ಯಾಬಿಗೆ ಹೋಗುವ ಮಕ್ಕಳಿಗಾಗಿ ಆ ಕ್ರಮ ಇಲ್ಲಿದೆ.

ಮೊದಲು ದಿಕ್ಸೂಚಿಯನ್ನೇ ಪರೀಕ್ಷಿಸಬೇಕು. ಬಲವಾದ ಕಾಂತದ ಪಕ್ಕ ಬಿದ್ದಿದ್ದ ಸೂಜಿಯ ಧ್ರುವಗಳು ಅದಲುಬದಲಾಗಿರುವುದುಂಟು. ಆಗ ಉತ್ತರ ತೋರಬೇಕಾದ ಬಣ್ಣದ ತುದಿ ದಕ್ಷಿಣಕ್ಕೆ ತಿರುಗುತ್ತದೆ, ಬಾಣದ ಗುರುತುಗಳೆಲ್ಲ ತಲೆಕೆಳಗಾಗುತ್ತವೆ. ಹಾಳೆಗೆ ಹಿತ್ತಾಳೆ ಪಿನ್ನು ಇಲ್ಲವೇ ಟೇಪು ಹಾಕಿ. ಉಕ್ಕಿನ ಪಿನ್ನು, ಕಬ್ಬಿಣದ ಮೇಜು, ಮೊಬೈಲು ದೂರವಿರಲಿ. ಮೊಬೈಲಿನ ಸ್ಪೀಕರಿನಲ್ಲೂ ಕಾಂತವಿದೆ.

ಕಾಂತವಿಡುವ ಮುಂಚೆಯೇ ಸೂಜಿ ತೋರುವ ಉತ್ತರ–ದಕ್ಷಿಣ ಗೆರೆ ಎಳೆದು, ಅದರ ಮೇಲೆ ದಂಡಕಾಂತವನ್ನು ಉತ್ತರ ಧ್ರುವ ಉತ್ತರಕ್ಕಿರುವಂತೆ ಇಟ್ಟು, ಸುತ್ತಲೂ ಗೀಚಿಕೊಳ್ಳಿ. ಕಾಂತ ಜರುಗಿದರೆ ಗೊತ್ತಾಗಬೇಕು. ಉತ್ತರ ಧ್ರುವದ ಬಳಿ ದಿಕ್ಸೂಚಿಯಿಟ್ಟು ಸೂಜಿಯ ಎರಡೂ ತುದಿಗೆ ಚುಕ್ಕೆ ಹಾಕಿ. ಮುಂದಿನ ಸಲ ಸೂಜಿಯ ದಕ್ಷಿಣ ತುದಿ ಹಿಂದಿನ ಉತ್ತರ ಚುಕ್ಕೆಯ ಮೇಲೆ ಕೂರಬೇಕು. ಪ್ರತಿ ಸಲವೂ ಗಾಜನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಇಲ್ಲದಿದ್ದರೆ ಸೂಜಿ ಮೊಳೆಯ ಮೇಲೆ ಸಿಕ್ಕಿಕೊಂಡು ಸುಳ್ಳು ಹೇಳುತ್ತದೆ. ಓರೆಯಾಗಿ ನೋಡಿದರೂ ಚುಕ್ಕೆ ತಪ್ಪುತ್ತದೆ, ನೇರ ಮೇಲಿನಿಂದಲೇ ನೋಡಿ.

ಹೀಗೆ ಚುಕ್ಕೆಗಳನ್ನು ಕೂಡಿಸಿ ಎಳೆದ ಗೆರೆಗಳು ಹೊರಗೆ ಉತ್ತರ ಧ್ರುವದಿಂದ ದಕ್ಷಿಣಕ್ಕೆ ಬರುತ್ತವೆ, ಕಾಂತದೊಳಗೆ ದಕ್ಷಿಣದಿಂದ ಉತ್ತರಕ್ಕೆ ಸಾಗಿ ಕುಣಿಕೆ ಮುಚ್ಚುತ್ತವೆ. ಧ್ರುವದ ಬಳಿ ಒತ್ತೊತ್ತಾಗಿವೆ, ಅಲ್ಲಿ ಕ್ಷೇತ್ರ ಬಲವಾಗಿದೆ. ಎರಡು ಗೆರೆ ಒಂದನ್ನೊಂದು ದಾಟಿದ್ದರೆ ತಪ್ಪು ನಿಮ್ಮದೇ: ಒಂದೇ ಜಾಗದಲ್ಲಿ ಸೂಜಿ ಎರಡು ದಿಕ್ಕಿಗೆ ನಿಲ್ಲಲಾರದು. ಗೆರೆಗಳು ಕಾಂತದ ತುದಿಯ ಅಂಚಿನಿಂದಷ್ಟೇ ಹೊರಡದೆ ಪಕ್ಕದಿಂದಲೂ ಹೊರಡುವುದನ್ನು ಕಂಡು ಗಾಬರಿಯಾಗಬೇಡಿ. ಧ್ರುವಗಳು ತುದಿಗಿಂತ ಸ್ವಲ್ಪ ಒಳಗಿರುತ್ತವೆ. ಅವುಗಳ ನಡುವಿನ ದೂರ ದಂಡದ ಉದ್ದದ ಸುಮಾರು 0.84 ಪಟ್ಟು.

ನನಗೆ ಇದರಲ್ಲಿ ಅತಿ ಚೆಂದವೆನಿಸುವುದು ತಟಸ್ಥ ಬಿಂದುಗಳು. ಕಾಂತದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಜಾಗದಲ್ಲಿ ಸೂಜಿ ದಿಕ್ಕುಗೆಟ್ಟು ಹೇಗೆಂದರೆ ಹಾಗೆ ನಿಲ್ಲುತ್ತದೆ. ಅಲ್ಲಿ ದಂಡಕಾಂತದ ಕ್ಷೇತ್ರವೂ ಭೂಮಿಯ ಕ್ಷೇತ್ರದ ಸಮತಲ ಘಟಕವೂ (ನೆಲಕ್ಕೆ ಸಮಾನಾಂತರವಾಗಿರುವ ಭಾಗ) ಸಮವಾಗಿ, ಎದುರುಬದುರಾಗಿವೆ. ಕಾಂತವನ್ನು ತಿರುಗಿಸಿ ಅದರ ಉತ್ತರ ಧ್ರುವವನ್ನು ದಕ್ಷಿಣಕ್ಕಿಟ್ಟರೆ ಆ ಬಿಂದುಗಳು ಕಾಂತದ ನೇರಕ್ಕೇ, ಉತ್ತರ ಮತ್ತು ದಕ್ಷಿಣದಲ್ಲಿ ಸಿಗುತ್ತವೆ. ನಮ್ಮ ಕಡೆ ಆ ಸಮತಲ ಘಟಕ ಸುಮಾರು 40 ಮೈಕ್ರೋಟೆಸ್ಲಾ. 10 ಸೆಂ.ಮೀ. ದಂಡದ ಮಧ್ಯದಿಂದ 20 ಸೆಂ.ಮೀ. ಪೂರ್ವಕ್ಕೆ ಬಿಂದು ಸಿಕ್ಕರೆ, ಕಾಂತೀಯ ಮಹತ್ವ, ಅಂದರೆ ದಂಡಕಾಂತ ಎಷ್ಟು ಬಲವಾದದ್ದು ಎಂಬುದರ ಅಳತೆ (ಮ್ಯಾಗ್ನೆಟಿಕ್ ಮೊಮೆಂಟ್), ಸುಮಾರು 3.4 ಆಂಪಿಯರ್-ಚದರ ಮೀಟರ್ ಬರುತ್ತದೆ. ಎ4 ಹಾಳೆ ಇದಕ್ಕೆ ಸಾಲದು, ಡ್ರಾಯಿಂಗ್ ಶೀಟು ಬೇಕು.

ಮುಗಿದ ಮೇಲೆ ದಂಡಗಳನ್ನು ಜೋಡಿಯಾಗಿ, ವಿರುದ್ಧ ಧ್ರುವಗಳು ಅಕ್ಕಪಕ್ಕ ಬರುವಂತೆ, ತುದಿಗಳಿಗೆ ಮೆದು ಕಬ್ಬಿಣದ ತುಂಡು ಅಡ್ಡವಿಟ್ಟು ಪೆಟ್ಟಿಗೆಗೆ ಹಾಕಿ. ದಿಕ್ಸೂಚಿಗಳು ಬೇರೆ ಕಪಾಟಿನಲ್ಲಿರಲಿ.