ಒಂಬತ್ತು ಬಿಲ್ಲೆ, ಮೂರು ಶಬ್ದ

ಬಾಗಲಕೋಟೆಯ ನವನಗರದಲ್ಲಿ ಮೇ ತಿಂಗಳ ಬಿಸಿಲು ಹತ್ತು ಗಂಟೆಗೇ ತಾಳಲಾರದಂತಾಗುತ್ತದೆ. ಹಾಗಾಗಿ ಬೇಸಿಗೆ ರಜೆಯ ಆ ರವಿವಾರ ಇಂಗ್ಲಿಷ್ ಅಕ್ಷರದಾಟ ಶುರುವಾದದ್ದು ಮುಂಜಾನೆ ಏಳೂವರೆಗೆ. ಕನ್ನಡ ಮಾಧ್ಯಮದ ಏಳನೇ, ಎಂಟನೇ ಇಯತ್ತೆಯ ಹನ್ನೊಂದು ಮಕ್ಕಳು, ಹಾಸಿದ ಚಾಪೆ, ನಡುವೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ 66 ಬಿಲ್ಲೆ. ನೋಟ್‌ಬುಕ್ಕಿನ ಹಾಳೆ ನಡೆಯುವುದಿಲ್ಲ, ಫ್ಯಾನ್ ಹಾಕಿದರೆ ಆಟವೇ ಹಾರಿಹೋಗುತ್ತದೆ. ಒಂದಿಂಚಿನ ಚೌಕ, ಎಲ್ಲವೂ ದೊಡ್ಡಕ್ಷರ. ಎಮ್, ಡಬ್ಲ್ಯೂ, ಎನ್, ಝಡ್ ಈ ನಾಲ್ಕರ ಕೆಳಗೆ ಗೆರೆ ಎಳೆಯಲೇಬೇಕು. ಇಲ್ಲದಿದ್ದರೆ ಎದುರು ಕೂತವರಿಗೆ ಎಮ್ ಡಬ್ಲ್ಯೂ ಆಗಿ, ಪಕ್ಕಕ್ಕೆ ಕೂತವರಿಗೆ ಎನ್ ಝಡ್ ಆಗಿ ಕಾಣುತ್ತದೆ. ಇ ಆರು, ಎ, ಐ, ಓ, ಎನ್, ಆರ್, ಟಿ, ಎಸ್ ನಾಲ್ಕು ನಾಲ್ಕು, ಜೆ, ಕ್ಯೂ, ಎಕ್ಸ್, ಝಡ್ ಒಂದೊಂದು, ಉಳಿದ ಹದಿನಾಲ್ಕೂ ಎರಡೆರಡು.

ಮೊದಲ ಸುತ್ತಿಗೆ ಊರ ಹೆಸರನ್ನೇ ಇಟ್ಟದ್ದಾಯಿತು, ಅದರ ಅಕ್ಷರಗಳಿಂದ ಬೇರೆ ಶಬ್ದ ಕಟ್ಟಬೇಕು. ಬಾಗಲಕೋಟೆಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಬೋಟ್, ಲೇಕ್, ಗೇಟ್, ಗೋಲ್ ಪಟಪಟ ಬಂದವು, ಆಮೇಲೆ ಟೇಬಲ್, ಗ್ಲೋಬ್. ಐದು ಅಕ್ಷರದಲ್ಲಿ ಬಂಡಿ ನಿಂತಿತು. ಕಾರಣ ಮಕ್ಕಳಲ್ಲಿರಲಿಲ್ಲ, ಅಕ್ಷರಗಳಲ್ಲಿತ್ತು. ಇಂಗ್ಲಿಷಿನಲ್ಲಿ ಶಬ್ದ ಉದ್ದವಾಗುವುದು ಬಹುಮಟ್ಟಿಗೆ ಬಾಲದಿಂದ: ಎಸ್, ಇಡಿ, ಇಆರ್, ಐಎನ್‌ಜಿ, ಟಿಐಓಎನ್. ಆ ಹೆಸರಿನಲ್ಲಿ ಎಸ್ ಇಲ್ಲ, ಡಿ ಇಲ್ಲ, ಆರ್ ಇಲ್ಲ, ಎನ್ ಕೂಡ ಇಲ್ಲ. ಬಾಲ ಬೆಳೆಯುವುದೆಲ್ಲಿಂದ?

ಎರಡನೇ ಸುತ್ತು ಎಜುಕೇಶನ್. ಒಂಬತ್ತು ಬಿಲ್ಲೆ ಕಲಸಿ ಚಾಪೆಯ ಮೇಲೆ ದುಂಡಗೆ ಇಟ್ಟು, ಶಾಲೆಗೆ ಸಂಬಂಧಪಟ್ಟ ಶಬ್ದ ಅಂತ ಸುಳಿವು ಕೊಟ್ಟಿತ್ತು. ಒಬ್ಬ ಹುಡುಗಿಗೆ ಕ್ಷಣದಲ್ಲಿ ಹೊಳೆಯಿತು, ಬಾಯಲ್ಲಿ ಹೇಳಿದಳು ಕೂಡ. ಆದರೆ ಜೋಡಿಸಲು ಕೂತಾಗ ಬೆರಳು ಬಿಲ್ಲೆಯಿಂದ ಬಿಲ್ಲೆಗೆ ಸುತ್ತತೊಡಗಿತು. "ಇದರಾಗ ಜೆ ಎಲ್ಲೈತ್ರಿ?" ಎಂದಳು. ಜು ಅಂತ ಕೇಳುತ್ತದಲ್ಲ, ಜೆ ಇರಲೇಬೇಕು. ಶನ್ ಅಂತ ಕೇಳುತ್ತದೆ, ಎಸ್ ಎಚ್ ಬೇಕು. ಕ ಇದೆ, ಕೆ ಎಲ್ಲಿ?

ಕನ್ನಡದಲ್ಲಿ ಉಚ್ಚರಿಸಿದಂತೆ ಬರೆದು ಬೆಳೆದ ಮಗು ಇಂಗ್ಲಿಷ್ ಶಬ್ದವನ್ನೂ ಕಿವಿಯಿಂದಲೇ ಹುಡುಕುತ್ತದೆ. ಅದು ದಡ್ಡತನವಲ್ಲ, ನಮ್ಮ ಲಿಪಿ ಕೊಟ್ಟ ಒಳ್ಳೆಯ ರೂಢಿ. ಈ ಆಟಕ್ಕೆ ಮಾತ್ರ ಅದು ಅಡ್ಡ ಬರುತ್ತದೆ. ಕ್ಯೂ ನಿಲ್ಲುವುದು ಅನ್ನುತ್ತೇವಲ್ಲ, ಆ ಕ್ಯೂ ಕನ್ನಡದಲ್ಲಿ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಐದು: ಕ್ಯೂ, ಯು, ಇ, ಯು, ಇ. ಸ್ಟ್ರೆಂತ್ಸ್ ಬರೆಯಲು ಒಂಬತ್ತು ಬಿಲ್ಲೆ ಬೇಕು, ಅದರಲ್ಲಿ ಸ್ವರ ಒಂದೇ, ಇ.

ಇದಕ್ಕೆ ಮದ್ದೆಂದರೆ ಶಬ್ದವನ್ನು ಬಾಯಲ್ಲಿ ಹೇಳದೆ ಮೊದಲು ಬಾಲ ಕೀಳುವುದು. ಟಿ, ಐ, ಓ, ಎನ್ ಎತ್ತಿ ಬಲಕ್ಕೆ ಒಂದು ಸಾಲಿನಲ್ಲಿ ಇಟ್ಟರೆ ಉಳಿಯುವುದು ಐದೇ: ಇ, ಡಿ, ಯು, ಸಿ, ಎ. ಒಂಬತ್ತರ ಗೋಜಲು ಐದಕ್ಕೆ ಇಳಿಯುತ್ತದೆ. ಆ ಹುಡುಗಿ ಡಿ ಮೇಲೆ ಬೆರಳಿಟ್ಟು, "ಇದಾ ಜು ಏನ್ರಿ?" ಎಂದು ಕೇಳಿ ಐದನ್ನೂ ಜೋಡಿಸಿದಳು.

ಅದೇ ಒಂಬತ್ತು ಬಿಲ್ಲೆಯಲ್ಲಿ ಇನ್ನೆರಡು ಶಬ್ದಗಳಿವೆ ಎಂದಾಗ ಯಾರೂ ನಂಬಲಿಲ್ಲ. ಈ ಸಲ ಇ ಮತ್ತು ಡಿ ಬಾಲ. ಐಪಿಎಲ್‌ನಲ್ಲಿ ಆಟಗಾರರನ್ನು ಲಿಲಾವು ಹಾಕುತ್ತಾರಲ್ಲ, ಅದು ಅಂತ ಸುಳಿವು. ಆಕ್ಷನ್ ಎಂದು ಕೂಗಿ ಎ, ಸಿ, ಟಿ, ಐ, ಓ, ಎನ್ ಇಟ್ಟರು. ಯು ಒಂಟಿಯಾಗಿ ಉಳಿಯಿತು. ಸಿನಿಮಾದ ಫೈಟಿಂಗೂ ಲಿಲಾವೂ ಕನ್ನಡದಲ್ಲಿ ಒಂದೇ ರೀತಿ ಆಕ್ಷನ್. ಇಂಗ್ಲಿಷಿನಲ್ಲಿ ಲಿಲಾವಿನದಕ್ಕೆ ಎ ಪಕ್ಕದಲ್ಲಿ ಒಂದು ಯು ಹೆಚ್ಚು. ಉಳಿದ ಬಿಲ್ಲೆಯೇ ತಪ್ಪು ತೋರಿಸಿಕೊಟ್ಟಿತು. ಆಕ್ಷನ್ಡ್ ಆಯಿತು. ಯು ಆದಮೇಲಿದ್ದ ಸಿಯನ್ನು ಎತ್ತಿ ತಲೆಗೆ ಇಟ್ಟರೆ ಕಾಶನ್ಡ್, ಅಂದರೆ ಎಚ್ಚರಿಸಿದರು. ಮೂರರಲ್ಲೂ ಐದೂ ಸ್ವರಗಳಿವೆ.

ಡಿಕ್ಷನರಿಯಲ್ಲಿ ನೋಡಿ ಇಲ್ಲ ಅಂದವರೂ ಇದ್ದರು. ಶಾಲೆಯ ಸಣ್ಣ ಡಿಕ್ಷನರಿಯಲ್ಲಿ ಇಡಿ, ಐಎನ್‌ಜಿ ಹಚ್ಚಿದ ರೂಪಗಳಿಗೆ ಬೇರೆ ನಮೂದು ಇರುವುದಿಲ್ಲ. ಬಾಲ ತೆಗೆದು ಮೂಲ ಶಬ್ದ ನೋಡಬೇಕು.

ಅವೇ ಅಕ್ಷರಗಳಿಂದಾಗುವ ಇಂಥ ಶಬ್ದಗಳನ್ನು ಕೂಡಿಡಲು ಒಂದು ರಜಿಸ್ಟರ್ ಬೇಕೇಬೇಕು. ಡಿಕ್ಷನರಿ ಮೊದಲ ಅಕ್ಷರದ ಮೇಲೆ ನಡೆಯುತ್ತದೆ, ನಡುವಿನದು ಗೊತ್ತಿದ್ದರೆ ಅದು ನೆರವಿಗೆ ಬರುವುದಿಲ್ಲ. ಶಬ್ದದ ಅಕ್ಷರಗಳನ್ನೆಲ್ಲ ಎಬಿಸಿಡಿ ಕ್ರಮದಲ್ಲಿ ಬರೆದು, ಮುಂದೆ ಶಬ್ದ ಬರೆಯಬೇಕು. ಮೇಲಿನ ಮೂರಕ್ಕೂ ಎ, ಸಿ, ಡಿ, ಇ, ಐ, ಎನ್, ಓ, ಟಿ, ಯು ಎಂದು ಒಂದೇ ಸಾಲು ಬರುತ್ತದೆ. ಟ್ರಯಾಂಗಲ್ ಬರೆದ ಸಾಲಿನಲ್ಲೇ ಇಂಟೆಗ್ರಲ್, ರಿಲೇಟಿಂಗ್, ಆಲ್ಟರಿಂಗ್ ಬಂದು ಕೂರುತ್ತವೆ. ಎರಡೆರಡು ಸಲ ಬರುವ ಅಕ್ಷರ ಬಿಟ್ಟರೆ ಮಾತ್ರ ಸಾಲು ಕೆಡುತ್ತದೆ. ಕಮಿಟಿ ಎಂಬುದಕ್ಕೆ ಒಬ್ಬ ಆರೇ ಅಕ್ಷರ ಬರೆದಿದ್ದ. ಎಮ್ ಎರಡು, ಟಿ ಎರಡು, ಇ ಎರಡು ಸೇರಿ ಅದು ಒಂಬತ್ತು.

ಇಂಥ ಅಕ್ಷರ ಇರಲೇಬೇಕು ಅಂದಾಗ ಅಪರೂಪದ ಅಕ್ಷರದಿಂದಲೇ ಹೊರಡಬೇಕು. ಎಕ್ಸ್ ಮತ್ತು ವೈ ಎರಡೂ ಬೇಕೆಂದರೆ ವೈ ಕೊನೆಯಲ್ಲಿಟ್ಟು ಎಕ್ಸ್ ನಡುವಿಗೆ ಹಾಕಿ ನೋಡಿ, ಕಾಂಪ್ಲೆಕ್ಸಿಟಿ ಸಿಗುತ್ತದೆ, ಹತ್ತು ಅಕ್ಷರ. ಮಕ್ಕಳು ವಿಜ್ಞಾನದ ಪುಸ್ತಕದಿಂದ ಆಕ್ಸಿಜನ್, ಹೈಡ್ರಾಕ್ಸೈಡ್ ತಂದರು. ಕಂಡು ಬಹಳ ಖುಷಿಯಾಯಿತು.

ಹತ್ತು ಗಂಟೆಗೆ ಕರೆಂಟ್ ಹೋಯಿತು. ಕೊನೆಯ ಆಟಕ್ಕೆ ಎಯಿಂದ ಝಡ್‌ವರೆಗೆ ಒಂದೊಂದೇ, ಒಟ್ಟು 26 ಬಿಲ್ಲೆ. ಯಾವ ಅಕ್ಷರವೂ ಎರಡು ಸಲ ಬರಬಾರದು, ಶಬ್ದ ಉದ್ದ ಇರಬೇಕು. ಫೋಟೊಸಿಂಥೆಸಿಸ್ ಹದಿನಾಲ್ಕು ಅಕ್ಷರದ್ದು, ಆದರೆ ಎಸ್ ಒಂದೇ ಮೂರು ಬೇಕು, ಬಿದ್ದುಹೋಯಿತು. ಒಬ್ಬ ಹುಡುಗ ಪಠ್ಯಪುಸ್ತಕದ ಮೊದಲ ಪುಟಗಳಲ್ಲಿ ಕಂಡಿದ್ದ ಕಾಪಿರೈಟ್ ಇಟ್ಟ. ಒಂಬತ್ತು ಅಕ್ಷರ, ಎಲ್ಲ ಬೇರೆ ಬೇರೆ. ಇದಕ್ಕೆ ಎ, ಬಿ, ಎಲ್, ಇ ಬಾಲ ಹಚ್ಚಿ, ಯು, ಎನ್ ತಲೆಗೆ ಇಟ್ಟರೆ ಅನ್‌ಕಾಪಿರೈಟಬಲ್, ಹದಿನೈದು. ಚಾಪೆಯ ಮೇಲೆ ಉಳಿದವು ಡಿ, ಎಫ್, ಜೆ, ಕೆ, ಎಮ್, ಕ್ಯೂ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್. ಇವುಗಳಲ್ಲಿ ಏನಾದರೂ ಮಾಡಬಹುದಾ ಅಂತ ಹನ್ನೊಂದು ತಲೆಗಳು ಬಗ್ಗಿದವು. ಸ್ವರ ಒಂದೂ ಇರಲಿಲ್ಲ.