ಸಿಎನ್ ಟವರ್ ಕೆಳಗೆ ನಿಂತ ಮೇಸ್ತ್ರಿ

ಅಪ್ಪ ಮಂಡ್ಯ ಕಡೆ 40 ವರ್ಷ ಗಾರೆ ಕೆಲಸ ಮಾಡ್ದವ್ರು, ಮೇಸ್ತ್ರಿ. ಈ ಸಲ ಟೊರಾಂಟೋಗೆ ನಮ್ಮನೆಗೆ ಬಂದಾಗ ಅವ್ರು ನೋಡ್ಬೇಕು ಅಂದಿದ್ದು ಒಂದೇ, ಏರ್‌ಪೋರ್ಟಿಂದ ಬರ್ತಾ ಹೈವೇಲಿ ಕಾಣ್ಸಿದ ಆ ಕಂಬ.

ಯೂನಿಯನ್ ಸ್ಟೇಷನ್ನಲ್ಲಿ ಟ್ರೇನ್ ಇಳಿದು ನಡ್ಕೊಂಡೇ ಹೋದ್ವಿ. ಸಿಎನ್ ಅಂದ್ರೆ ಕೆನಡಿಯನ್ ನ್ಯಾಷನಲ್, ರೈಲ್ವೆ ಕಂಪನಿ, ಈ ಜಾಗ ಮೊದ್ಲು ರೈಲ್ವೆ ಯಾರ್ಡ್. 60ರ ದಶಕದಲ್ಲಿ ಊರಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗ್ ಎದ್ದು ಟಿವಿ ಸಿಗ್ನಲ್‌ಗೆ ಅಡ್ಡ ಬಂದ್ವು, ಅವೆಲ್ಲಕ್ಕಿಂತ ಮೇಲೆ ಆಂಟೆನಾ ಇಡ್ಬೇಕು ಅಂತ 1973ರಲ್ಲಿ ಪಾಯ ತೋಡಿದ್ರು, 1976ರಲ್ಲಿ ಜನರಿಗೆ ಓಪನ್ ಆಯ್ತು. 553 ಮೀಟರ್! ಮೊದ್ಲು ಮೂರು ಕಂಬ ನಿಲ್ಸಿ ಮಧ್ಯೆ ಸೇತುವೆ ಥರ ಜೋಡಿಸೋ ಪ್ಲಾನ್ ಇತ್ತು, ಕೊನೆಗೆ ಮೂರು ಕಾಲಿನ ಒಂದೇ ಕಂಬ ಆಯ್ತು. ಒಳ್ಳೇದೇ ಆಯ್ತು ಅನ್ಸುತ್ತೆ ನಂಗೆ, ನೆಲದಿಂದ ಹಂಗೇ ಬೆಳ್ದು ನಿಂತಂಗಿದೆ.

ಲಿಫ್ಟಲ್ಲಿ 58 ಸೆಕೆಂಡ್, ಕಿವಿ ಗುಂಯ್ ಅಂತು. ಮೇಲೆ 342 ಮೀಟರಲ್ಲಿ ಗಾಜಿನ ನೆಲ ಇದೆ, ನಾನು ಅಂಚಲ್ಲೇ ನಿಂತೆ, ಅಪ್ಪ ಚಪ್ಪಟೆ ಕಲ್ಲಿನ ಮೇಲೆ ನಡೆದಂಗೆ ನಡೆದ್ರು. ಸರೋವರ, ದ್ವೀಪ ಎಲ್ಲಾ ತೋರಿಸ್ದೆ, ನೋಡಿದ್ರು, ಆದ್ರೆ ಅವ್ರ ತಲೇಲಿ ಇದ್ದಿದ್ದೇ ಬೇರೆ. "ಇಷ್ಟೆತ್ತರಕ್ಕೆ ಸೆಂಟ್ರಿಂಗ್ ಹೆಂಗ್ ಹೊಡೆದ್ರು ಮಗಾ?"

ಅದೇ ನೋಡಿ ಇದ್ರ ಮಜಾ. ನಮ್ಮಲ್ಲಿ ಸೆಂಟ್ರಿಂಗ್, ಅಂದ್ರೆ ಕಾಂಕ್ರೀಟ್ ಸುರಿಯೋ ಅಚ್ಚು, ಹೊಡ್ದು ಕಾಂಕ್ರೀಟ್ ಹಾಕಿ ಬಿಚ್ಚಿ ಮತ್ತೆ ಮೇಲೆ ಹೊಡೀತೀವಲ್ಲ, ಇಲ್ಲಿ ಬಿಚ್ಚೋದೇ ಇಲ್ಲ, ಕೆಳಗಿನ ಕಾಂಕ್ರೀಟ್ ಗಟ್ಟಿ ಆಗ್ತಿದ್ದಂಗೆ ಹೈಡ್ರಾಲಿಕ್ ಜಾಕ್‌ಗಳು ಆ ಅಚ್ಚನ್ನೇ ಮೇಲಕ್ಕೆತ್ತುತ್ತಾ ಹೋಗ್ತವೆ, ಹೋಗ್ತಾ ಹೋಗ್ತಾ ಅಚ್ಚನ್ನ ಸಣ್ಣ ಮಾಡ್ತಾರೆ, ಅದಕ್ಕೇ ಕಂಬ ಮೇಲೆ ಹೋದಂಗೆ ಸಪೂರ. ದಿನಕ್ಕೆ ಸುಮಾರು 6 ಮೀಟರ್, ವಾರಕ್ಕೆ 5 ದಿನ ರಾತ್ರಿ ಹಗಲು. ತುದಿ ಆಂಟೆನಾನ ತುಂಡು ತುಂಡು ಮಾಡಿ ಓಲ್ಗಾ ಅನ್ನೋ ದೊಡ್ಡ ಹೆಲಿಕಾಪ್ಟರಲ್ಲಿ ಎತ್ತಿ ಒಂದರ ಮೇಲೊಂದು ಕೂರ್ಸಿದ್ರು.

ನೇರ ಇದೆ ಅಂತ ನೋಡಿದ್ದು ಹೆಂಗೆ ಅಂತೀರಾ? ತೂಗುಗುಂಡಲ್ಲಿ! ಅಚ್ಚಿಂದ ಭಾರೀ ಗುಂಡುಗಳನ್ನ ಇಳಿಬಿಟ್ಟು ಕೆಳಗಿಂದ ಟೆಲಿಸ್ಕೋಪಲ್ಲಿ ನೋಡ್ತಿದ್ರು. ಪೂರ್ತಿ ಎತ್ತರಕ್ಕೆ ವ್ಯತ್ಯಾಸ ಬರೀ 29 ಮಿಲಿಮೀಟರ್. ಅಪ್ಪ ಎರಡು ಬೆರಳು ಜೋಡ್ಸಿ ಮುಖದ ಮುಂದೆ ಹಿಡ್ಕೊಂಡು, "ಎರಡು ಬೆರಳೂ ಇಲ್ವಲ್ಲ" ಅಂದ್ರು. ಮತ್ತೆ ಮಾತೇ ಆಡ್ಲಿಲ್ಲ.

ಕೆಳಗೆ ಬಂದ್ಮೇಲೆ ಒಂದು ಕಾಲಿನ ಹತ್ರ ಹೋಗಿ, ಒಂದು ಕಣ್ಣು ಮುಚ್ಚಿ, ಕಾಂಕ್ರೀಟಿನ ಅಂಚು ಹಿಡ್ದು ಮೇಲಕ್ಕೆ ನೋಡ್ತಾ ನಿಂತ್ರು, ಊರಲ್ಲಿ ಗೋಡೆ ನೋಡ್ತಿದ್ದಂಗೇ. ಜನ ಅವ್ರನ್ನ ಸುತ್ಕೊಂಡು ಹೋಗ್ತಿದ್ರು. ಆಮೇಲೆ ಕೈ ಒರೆಸ್ಕೊಂಡು ಬಂದು ಅಂದ್ರು, "ಗಾಳಿ ಇದ್ರೆ ನಾವು ಗುಂಡನ್ನ ನೀರಿನ ಬಕೆಟಲ್ಲಿ ಬಿಡ್ತಿದ್ವಿ, ಅಲ್ಲಾಡಲ್ಲ."